‘ಡಾಸ್, ಅಮ್ಮಾ, ಡಾಸ್!’

ಪ್ರಶ್ನೆ: ನಾವು ಹಾಸನದವರು. ಸ್ಟುಟ್‌ಗಾರ್ಟ್‌ಗೆ ಬಂದು ಒಂದೂವರೆ ವರ್ಷ. ನಾಲ್ಕು ವರ್ಷದ ಮಗ ಶಿಶುವಿಹಾರದಲ್ಲೇ ಜರ್ಮನ್ ಕಲಿತುಬಿಟ್ಟ. ನಾನು ವಾರಕ್ಕೆರಡು ದಿನ ಕ್ಲಾಸಿಗೆ ಹೋಗಿ, ಉರು ಹೊಡೆದರೂ ತಡವರಿಸುತ್ತೇನೆ. ಮೊನ್ನೆ ಒಬ್ಬ ಹುಡುಗಿಯನ್ನು ತೋರಿಸಿ, ‘ಮೇಡ್‌ಷೆನ್’ (ಹುಡುಗಿ) ಪದದ ಮುಂದೆ ಸ್ತ್ರೀಲಿಂಗದ ‘ಡೀ’ ಹಚ್ಚಿ ‘ಡೀ ಮೇಡ್‌ಷೆನ್’ ಅಂದೆ. ‘ಡಾಸ್, ಅಮ್ಮಾ, ಡಾಸ್!’ ಅಂತ ನಕ್ಕ. ನನ್ನ ತಲೆಗೆ ಹತ್ತೋದೇ ಇಲ್ವಾ?
– ಒಬ್ಬ ತಾಯಿ, ಜರ್ಮನಿ

ಉತ್ತರ: ಮೊದಲು ಲೆಕ್ಕ ಹಾಕೋಣ. ನಿಮ್ಮ ಕ್ಲಾಸು ವಾರಕ್ಕೆ ಹೆಚ್ಚೆಂದರೆ 3 ಗಂಟೆ ಇರಬಹುದು. ಮಗ ದಿನಕ್ಕೆ 7 ಗಂಟೆ ಶಿಶುವಿಹಾರದಲ್ಲಿದ್ದರೆ ವಾರಕ್ಕೆ 35. ಅವನ ಒಂದು ವಾರ ನಿಮ್ಮ ಮೂರು ತಿಂಗಳಿಗೆ ಸಮ! ಅದೂ ಸುಮ್ನೆ ಕೂತು ಕೇಳುವ ಗಂಟೆಗಳಲ್ಲ. ಜಾರುಬಂಡೆಯಲ್ಲಿ ತನ್ನ ಸರದಿ ಬೇಕಿದ್ದರೆ ಅವನು ಜರ್ಮನ್‌ನಲ್ಲೇ ಜಗಳ ಆಡಬೇಕು.

ದೊಡ್ಡವರ ತಲೆಗೆ ಹತ್ತೋದಿಲ್ಲ ಅನ್ನೋದೂ ಸರಿಯಲ್ಲ. ನೆದರ್ಲೆಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನವರನ್ನು ಭಾಷಾ ಸಂಶೋಧಕಿ ಕ್ಯಾಥರೀನ್ ಸ್ನೋ ಅವರ ತಂಡ ಗಮನಿಸಿ, 1978ರಲ್ಲಿ ವಿವರ ಪ್ರಕಟಿಸಿತು. ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12ರಿಂದ 15ರ ಮಕ್ಕಳು ಮತ್ತು ದೊಡ್ಡವರು. ಹಿಂದೆ ಬಿದ್ದವರು 3ರಿಂದ 5ರ ಪುಟಾಣಿಗಳು. ಎಷ್ಟೋ ವರ್ಷಗಳ ಮೇಲೆ ನೋಡಿದರೆ ಉಚ್ಚಾರಣೆಯಲ್ಲಿ ಚಿಕ್ಕವರದ್ದೇ ಮೇಲುಗೈ, ಅದನ್ನು ಒಪ್ಪುತ್ತೇನೆ.

ಮಕ್ಕಳು ತಪ್ಪಿಲ್ಲದೆ ಕಲಿಯುತ್ತಾರೆ ಅಂದುಕೊಳ್ಳಬೇಡಿ. ನನ್ನ ಮೊಮ್ಮಗಳು ಮೂರು ವರ್ಷದವಳಿದ್ದಾಗ ‘ಅಜ್ಜಿಗೆ ಬಿಸ್ಕತ್ತು ಕೊಡಿದೆ’ ಅನ್ನುತ್ತಿದ್ದಳು. ನೋಡಿದೆ, ಮಾಡಿದೆ ಇರುವಾಗ ಕೊಡಿದೆ ಯಾಕಿರಬಾರದು? ಯಾರೂ ಹೇಳಿಕೊಟ್ಟಿದ್ದಲ್ಲ, ಅವಳೇ ಕಟ್ಟಿಕೊಂಡ ವ್ಯಾಕರಣ. ‘ಕೊಟ್ಟೆ ಅನ್ನು ಪುಟ್ಟೀ’ ಅಂದರೆ, ‘ಹೂಂ, ಕೊಡಿದೆ!’ ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ತಾನಾಗಿ ‘ಕೊಟ್ಟೆ’ ಬಂತು. ಮೂವತ್ತು ವರ್ಷ ಮೈಸೂರಿನಲ್ಲಿ ಜರ್ಮನ್ ಪಾಠ ಹೇಳಿದ್ದೇನೆ. ಅಷ್ಟು ನಿರಾಳವಾಗಿ ತಪ್ಪು ಮಾಡಿದ ವಿದ್ಯಾರ್ಥಿ ಒಬ್ಬರೂ ನೆನಪಿಗೆ ಬರುತ್ತಿಲ್ಲ.

ಇನ್ನು ನಿಮ್ಮ ‘ಡಾಸ್’, ಅಂದರೆ ನಪುಂಸಕ ಲಿಂಗದ ಪದಗಳ ಮುಂದೆ ಬರುವ ಪುಟ್ಟ ಪದ. ಮಗ ಅದನ್ನು ಎಷ್ಟೋ ಸಲ ಕೇಳಿ ಕೇಳಿ ಹಿಡಿದ. ನಿಮಗೆ ಒಂದು ನಿಮಿಷ ಸಾಕು. ಪುಟ್ಟದು ಅನ್ನೋದಕ್ಕೆ ಹಚ್ಚುವ ‘ಷೆನ್’ ಬಾಲ ಇದ್ದರೆ ಡಾಸ್. ಬೇಕರಿಯ ಪುಟ್ಟ ಬನ್ನು, ‘ಬ್ರೋಟ್‌ಷೆನ್’, ಅದೂ ಡಾಸ್. ಹುಡುಗಿ ನಪುಂಸಕ ಲಿಂಗವಾ ಅಂತ ನಗಬೇಡಿ. ನಾವೂ ‘ಮಗು ಬಂತು’ ಅಂತೀವಲ್ವಾ!

ನಾಳೆ ಬೇಕರಿಯಲ್ಲಿ ಬೆರಳು ತೋರಿಸದೆ ಬಾಯಿಬಿಟ್ಟು ಕೇಳಿ. ಮಗನನ್ನು ಅವನಪ್ಪನ ಹತ್ತಿರ ಬಿಟ್ಟು ಹೋಗಿ.