ಮಾಬ್ಲನೂ ಮಹಾಬಲೇಶ್ವರನೂ ಒಬ್ಬನೇ

ತಮ್ಮ ಅಜ್ಜನ ಹೆಸರು ಪಹಣಿಯಲ್ಲಿ ‘ಮಾಬ್ಲ’ ಎಂದೂ ಜಾತಕದಲ್ಲಿ ‘ಮಹಾಬಲೇಶ್ವರ’ ಎಂದೂ ಇರುವುದೇಕೆ, ಈಗ ಈ ಹೆಸರು ಅಪರೂಪವಾದದ್ದೇಕೆ ಎಂದು ಕೇಳಿದ್ದೀರಿ. ಎರಡೂ ಒಂದೇ, ಮೊದಲನೆಯದು ಆಡುಮಾತಿನಲ್ಲಿ ಸವೆದ ರೂಪ. ಇದರ ಮೂಲ ಗೋಕರ್ಣ: ಗಣಪತಿ ನೆಲಕ್ಕಿಟ್ಟ ಆತ್ಮಲಿಂಗವನ್ನು ಎಷ್ಟು ಬಲ ಹಾಕಿದರೂ ಕೀಳಲಾಗದೆ ಸೋತ ರಾವಣನೇ ಅದನ್ನು ‘ಮಹಾಬಲ’ ಎಂದು ಕರೆದನೆಂಬುದು ಸ್ಥಳಪುರಾಣ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಅದು ಶಿರಸಿ, ಕುಮಟಾ, ಹೊನ್ನಾವರದ ಮನೆಗಳಲ್ಲಿ ಒಂದು ತಲೆಮಾರು ಬಿಟ್ಟು ಮತ್ತೆ ಮತ್ತೆ ಮರಳುತ್ತಿತ್ತು. ಯಕ್ಷಗಾನದ ಕೆರೆಮನೆ ಮಹಾಬಲ ಹೆಗಡೆಯವರು ನಮಗೆಲ್ಲ ಗೊತ್ತಿರುವ ಉದಾಹರಣೆ. ಈಗ ಎರಡು ಮೂರು ಅಕ್ಷರದ ಹೆಸರನ್ನೇ ಹುಡುಕುವ ತಂದೆತಾಯಿಯರಲ್ಲಿ ಹಲವರಿಗೆ ಇದು ಉದ್ದವೆನಿಸುತ್ತದೆ (ಆರು ಅಕ್ಷರ ಅಷ್ಟೊಂದು ಭಾರವೆಂದು ನನಗಂತೂ ಅನ್ನಿಸಿಲ್ಲ).