ಗಿಡದ ಟ್ಯಾಂಕ್‌ಗೆ ಯಾವ ಕಿಲ್ಲಿ?

ಈ ಸಲದ ಪತ್ರಗಳೆಲ್ಲ ಕಿಲ್ಲಿ ಮೀನಿನವೇ. ಮೊದಲೇ ಒಂದು ಮಾತು: ಈ ಹೆಸರಿಗೂ ಇಂಗ್ಲಿಷಿನ ‘ಕಿಲ್’ಗೂ, ಅಂದರೆ ಕೊಲ್ಲುವುದಕ್ಕೂ, ಸಂಬಂಧವಿಲ್ಲ. ಡಚ್ ಭಾಷೆಯಲ್ಲಿ ‘ಕಿಲ್’ ಎಂದರೆ ಸಣ್ಣ ಹಳ್ಳ. ಹಳ್ಳದ ಮೀನು, ಅಷ್ಟೆ.

ಪ್ರಶ್ನೆ: ಮನೆ ಮೈಸೂರಿನ ಕುವೆಂಪುನಗರದಲ್ಲಿ. ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೋರಿನ್ ಚೆನ್ನಾಗಿ ಬಂದಿವೆ. ನಲ್ಲಿಯಲ್ಲಿ ಕಾವೇರಿ ನೀರು, ಹೀಟರ್ ಇಲ್ಲ. ಕಿಲ್ಲಿ ಸಾಕುವ ಆಸೆ, ಆದರೆ ಆರೆಂಟು ತಿಂಗಳಿಗೇ ಮುಗಿದುಹೋಗುವ ಮೀನು ಬೇಡ. ಯಾವುದನ್ನು ತರಲಿ?

ಉತ್ತರ: ನಿಮಗೆ ಬೇಕಾದದ್ದು ‘ನಾನ್-ಆನ್ಯುಯಲ್’ ಗುಂಪು. ನೋಥೊಬ್ರಾಂಕಿಯಸ್‌ನಂಥ ಆನ್ಯುಯಲ್ ಮೀನುಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುವ ಗುಂಡಿಗಳವು. ಅವುಗಳ ಆಯುಸ್ಸೇ ಚಿಕ್ಕದು. ನಾನ್-ಆನ್ಯುಯಲ್‌ಗಳು ವರ್ಷವಿಡೀ ನೀರಿರುವ ತೊರೆ, ಜೌಗಿನವು. ಗಿಡಕ್ಕೆ ಮೊಟ್ಟೆ ಅಂಟಿಸುತ್ತವೆ, ಎರಡು ಮೂರು ವರ್ಷ ಬಾಳುತ್ತವೆ. ಮೈಸೂರಿನ ಹವೆ ಇವಕ್ಕೆ ಬಹುಮಟ್ಟಿಗೆ ಒಗ್ಗುತ್ತದೆ. ಹೆಚ್ಚಿನವು ಕೇಳುವುದು 21ರಿಂದ 25 ಡಿಗ್ರಿ ಅಷ್ಟೇ.

ಮೊದಲ ಮೀನಾಗಿ ನಮ್ಮ ಆಯ್ಕೆ ಫಂಡುಲೋಪಾಂಕ್ಸ್ ಗಾರ್ಡ್ನೆರಿ. ನೈಜೀರಿಯಾ, ಕ್ಯಾಮರೂನ್ ಕಡೆಯದು, 6 ಸೆಂ.ಮೀ.ವರೆಗೆ ಬೆಳೆಯುತ್ತದೆ. ಗಂಡಿನ ಮೈ ಉಕ್ಕಿನ ನೀಲಿ, ಅದರ ಮೇಲೆ ಕುಂಕುಮ ಚಿಮುಕಿಸಿದಂತೆ ಕೆಂಪು ಚುಕ್ಕೆ, ರೆಕ್ಕೆಯಂಚು ಹಳದಿ ಅಥವಾ ಬಿಳಿ. ಹೆಣ್ಣು ಮಾಸಲು ಕಂದು. ನೀರಿನ ವಿಷಯದಲ್ಲಿ ಹಟ ಮಾಡುವುದಿಲ್ಲ. ನಿಮ್ಮ ಟ್ಯಾಂಕ್‌ನ ಲೆಕ್ಕ 56 ಲೀಟರ್ ಬಂದರೂ ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರ್ ಆಸುಪಾಸು. ಇಷ್ಟಕ್ಕೆ ಒಂದು ಗಂಡು, ಮೂರು ಹೆಣ್ಣು. ಎರಡು ಗಂಡು ಬಿಟ್ಟರೆ ಸೋತದ್ದಕ್ಕೆ ಅಡಗಲು ಜಾಗ ಸಾಲದು.

ಸ್ವಭಾವ ಇನ್ನೂ ಮೆತ್ತಗಿರಬೇಕೆಂದರೆ ಆಫಿಯೋಸೆಮಿಯಾನ್ ಆಸ್ಟ್ರಾಲೆ. ಗಬೋನ್ ಕರಾವಳಿಯದು, 5ರಿಂದ 6 ಸೆಂ.ಮೀ., ಬಾಲದ ಎರಡೂ ತುದಿ ಎಳೆಯಾಗಿ ಚಾಚಿರುತ್ತದೆ. ಚಾಕಲೇಟ್ ಮತ್ತು ಕಿತ್ತಳೆ, ಎರಡೂ ಬಣ್ಣದಲ್ಲಿ ಸಿಗುತ್ತದೆ. ಅದೇ ನಾಡಿನ ಆಫಿಯೋಸೆಮಿಯಾನ್ ಸ್ಟ್ರಯಾಟಮ್‌ಗೆ ಮೈಯುದ್ದ ಕೆಂಪು ಗೆರೆಗಳು. ಇವೆರಡಕ್ಕೂ ಮೆದು ನೀರು ಬೇಕು, ಟಿ.ಡಿ.ಎಸ್., ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 200ರ ಒಳಗಿದ್ದರೆ ನೆಮ್ಮದಿ. ಎರಡನ್ನೂ ಒಂದೇ ಟ್ಯಾಂಕ್‌ಗೆ ಮಾತ್ರ ಬಿಡಬೇಡಿ. ಹೆಣ್ಣುಗಳು ನೋಡಲು ಹೆಚ್ಚುಕಮ್ಮಿ ಒಂದೇ ತರ, ಯಾವುದು ಯಾವ ಜಾತಿಯದೆಂದು ಆಮೇಲೆ ಯಾರಿಗೂ ಹೇಳಲಾಗದು. ಗಾರ್ಡ್ನೆರಿಯಲ್ಲೂ ಮಿಸಾಜೆ, ಅಕುರೆ, ಮಕುರ್ಡಿ ಎಂದು ಊರಿನ ಹೆಸರು ಹೊತ್ತ ಬಗೆಗಳಿವೆ. ಒಂದೇ ಬಗೆಯನ್ನು ತಂದು, ಆ ಹೆಸರನ್ನು ಟ್ಯಾಂಕ್‌ಗೆ ಅಂಟಿಸಿಡಿ. ಮುಂದೆ ಮರಿ ಕೊಡುವಾಗ ಆ ಚೀಟಿಗೇ ಬೆಲೆ.

ಮೂರನೆಯದು ಎಪಿಪ್ಲಾಟಿಸ್ ಅನ್ಯುಲೇಟಸ್, ಅಂಗಡಿಯಲ್ಲಿ ‘ಕ್ಲೌನ್ ಕಿಲ್ಲಿ’. ಮೂರೂವರೆ ಸೆಂ.ಮೀ. ಮೈಗೆ ಅಗಲದ ಕಪ್ಪು ಪಟ್ಟೆ, ಬಾಲ ದೀಪದ ಕುಡಿಯಂತೆ. ಎಂಟು ಹತ್ತು ಮೀನು ಬಿಟ್ಟರೆ ನೀರಿನ ಮೇಲ್ಪದರದಲ್ಲೇ ತೇಲುಗಿಡಗಳ ನೆರಳಿನಲ್ಲಿ ನಿಲ್ಲುತ್ತವೆ. ಬಾಯಿ ತೀರಾ ಸಣ್ಣದು. ದಿನಾ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ ಅಥವಾ ಮೈಕ್ರೋವರ್ಮ್ ಎಂಬ ಸಣ್ಣ ಹುಳು ಕೊಡುವ ವ್ಯವಧಾನ ಇದ್ದರಷ್ಟೇ ತನ್ನಿ. ಇದಕ್ಕೆ ಚಳಿ ಆಗದು, ಡಿಸೆಂಬರ್-ಜನವರಿಯಲ್ಲಿ 50 ವ್ಯಾಟ್ ಹೀಟರನ್ನು 24ಕ್ಕೆ ಇಡಬೇಕು. ಗಾರ್ಡ್ನೆರಿ, ಆಸ್ಟ್ರಾಲೆಗೆ ಹೀಟರ್ ಬೇಡ.

ನಿಮ್ಮ ನಿಜವಾದ ಪರೀಕ್ಷೆ ಚಳಿಗಾಲವಲ್ಲ, ಮಾರ್ಚ್-ಏಪ್ರಿಲ್. ನೀರು 28 ದಾಟಿದರೆ ಮೀನು ತಕ್ಷಣ ಸಾಯುವುದಿಲ್ಲ, ಆದರೆ ಬೇಗ ಮುಪ್ಪಾಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕಟ್ಟಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಗಾಜಿನ ಮುಚ್ಚಳ ಇದ್ದರೆ ಫ್ಯಾನಿನಿಂದ ಪ್ರಯೋಜನವಿಲ್ಲ. ಹಾಗಾಗಿ ಬೇಸಿಗೆಗೆಂದು ಚೌಕಟ್ಟಿಗೆ ಬಿಗಿದ ನೈಲಾನ್ ಸೊಳ್ಳೆಪರದೆಯ ಇನ್ನೊಂದು ಮುಚ್ಚಳ ಮಾಡಿಕೊಳ್ಳಿ. ಫ್ಯಾನ್ ಹಾಕಿದಾಗ ನೀರು ಆವಿಯಾಗುತ್ತದೆ, ಉಪ್ಪಿನಂಶ ಉಳಿಯುತ್ತದೆ. ಇಳಿದಷ್ಟನ್ನು ಆರ್.ಓ. ನೀರಿನಿಂದಲೇ ತುಂಬಿ.

ಕ್ಲೋರಿನ್‌ಗೆ: ಹೈಪೊ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, 10 ಗ್ರಾಂ ತಂದು 100 ಮಿ.ಲೀ. ನೀರಿನಲ್ಲಿ ಕರಗಿಸಿಡಿ. 10 ಲೀಟರ್ ನಲ್ಲಿ ನೀರಿಗೆ 1 ಮಿ.ಲೀ. ಸಾಕು. ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವ ದಿನ 2 ಮಿ.ಲೀ. ವಾರಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ, ಹೆಚ್ಚು ಬೇಡ. ಫಿಲ್ಟರ್ ಸ್ಪಂಜಿನದೇ ಇರಲಿ. ಇವು ನಿಂತ ನೀರಿನಂಥ ಕಡೆ ಬಾಳುವ ಮೀನು, ರಭಸದ ಪಂಪು ಹಾಕಿದರೆ ದಿನವಿಡೀ ಈಜಿ ಸೊರಗುತ್ತವೆ. ನಿಮ್ಮ ಗಿಡಗಳು ಸರಿಯಾಗಿಯೇ ಇವೆ. ಇನ್ನು ಮೇಲ್ಮೈಗೆ ಒಂದಿಷ್ಟು ಸಾಲ್ವೀನಿಯಾ, ಮೂಲೆಯಲ್ಲಿ ಒಂದು ಹಿಡಿ ಜಾವಾ ಮಾಸ್, ತಳದಲ್ಲಿ ಕಪ್ಪು ಜಲ್ಲಿ. ಬಿಳಿ ಜಲ್ಲಿಯ ಮೇಲೆ ಇದೇ ಮೀನಿನ ಬಣ್ಣ ಅರ್ಧಕ್ಕರ್ಧ ಮಂಕಾಗುತ್ತದೆ.

ಪ್ರಶ್ನೆ: ನಾನಿರುವುದು ಮಂಡ್ಯದಲ್ಲಿ. ಬೋರ್‌ವೆಲ್ ನೀರಿನ ಟಿ.ಡಿ.ಎಸ್. 900. ಮನೆಗೆ ಸಾಫ್ಟ್‌ನರ್ ಹಾಕಿಸಿದ್ದೇವೆ. ಆ ನೀರು ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪು ನೊರೆ ಬರುತ್ತದೆ ನಿಜ, ಆದರೆ ಮೀಟರ್ ಇಟ್ಟು ನೋಡಿ, ಟಿ.ಡಿ.ಎಸ್. ಇಳಿದಿರುವುದಿಲ್ಲ. ಗಿಡಕ್ಕೂ ಅದು ಕೆಟ್ಟದ್ದು. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ಪೈಪಿನಿಂದ ನೀರು ಹಿಡಿಯಿರಿ. ಒಂದು ಪಾಲು ಬೋರ್ ನೀರಿಗೆ ಎರಡು ಪಾಲು ಆರ್.ಓ. ನೀರು. ಆರ್.ಓ. ನೀರು 40 ಇದ್ದರೆ ಬೆರೆತದ್ದು ಸುಮಾರು 325ಕ್ಕೆ ಬರುತ್ತದೆ, ಗಾರ್ಡ್ನೆರಿಗೆ ಧಾರಾಳ. ಮೂರು ಪಾಲು ಬೆರೆಸಿದರೆ 255. ಆರ್.ಓ. ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದು ಬೋರ್ ನೀರಿಗಿಂತ ಗಡುಸು. ಮಳೆಗಾಲದಲ್ಲಿ ತಾರಸಿ ನೀರು ಹಿಡಿಯಬಹುದು, ಮೊದಲ ಅರ್ಧ ಗಂಟೆಯದನ್ನು ಹರಿಯಬಿಟ್ಟು.

ಬೆರೆಸುವ ಕೆಲಸವೇ ಬೇಡ ಎನ್ನುವುದಾದರೆ ನಮ್ಮ ನೆಲದ ಕಿಲ್ಲಿಗಳೇ ಇವೆಯಲ್ಲ. ಅಪ್ಲೋಕೈಲಸ್ ಲೀನಿಯೇಟಸ್ ಗಡುಸು ನೀರನ್ನೂ, ಮಂಡ್ಯದ ಬೇಸಿಗೆಯನ್ನೂ ತಡೆಯುತ್ತದೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆ, ಮೇಲಿನಿಂದ ನೋಡಿದರೆ ಅದೊಂದೇ ಮಿನುಗುತ್ತದೆ. ಆದರೆ 10 ಸೆಂ.ಮೀ. ಬೆಳೆಯುವ ಮೀನು, ಎರಡೂವರೆ ಮೂರು ಅಡಿ ಟ್ಯಾಂಕ್ ಬೇಕು. ಚಿಕ್ಕ ಟ್ಯಾಂಕ್‌ಗೆ ಅದರ ತಂಗಿಯಂತಿರುವ ಅಪ್ಲೋಕೈಲಸ್ ಬ್ಲಾಕಿ, 5 ಸೆಂ.ಮೀ. ಕೂಡ ಆಗದು, ಹಸಿರು ಹೊನ್ನಿನ ಮಿಂಚು. ಬೆಲೆ ಕಡಿಮೆಯೆಂದು ಇದನ್ನು ಜನ ಕಡೆಗಣಿಸುತ್ತಾರೆ, ತಪ್ಪು. ಗಿಡದ ಟ್ಯಾಂಕ್‌ನಲ್ಲಿ ಆರು ಬ್ಲಾಕಿ ಒಟ್ಟಿಗೆ ಇದ್ದರೆ ಎಷ್ಟು ಹೊತ್ತು ನೋಡಿದರೂ ಸಾಲದು.

ಟ್ಯಾಂಕ್‌ನ ಕಲ್ಲನ್ನೂ ಒಮ್ಮೆ ಪರೀಕ್ಷಿಸಿ. ಅದರ ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಸುಣ್ಣದ ಕಲ್ಲು, ನೀವು ಬೆರೆಸಿ ಮೆದು ಮಾಡಿದ ನೀರನ್ನು ಅದು ಮತ್ತೆ ಗಡುಸು ಮಾಡುತ್ತದೆ.

ಪ್ರಶ್ನೆ: ಮುಚ್ಚಳ ಇದ್ದರೂ ಎರಡು ಗಂಡು ನೆಲದ ಮೇಲೆ ಒಣಗಿ ಬಿದ್ದಿದ್ದವು. ಹೇಗೆ? (ವಿಜಯನಗರ, ಮೈಸೂರು)

ಉತ್ತರ: ವೈರ್ ಮತ್ತು ಗಾಳಿಯ ಪೈಪು ಒಳಗೆ ಹೋಗುವ ಸಂದು. ಒಂದು ಸೆಂ.ಮೀ. ಕಿಂಡಿ ಇದ್ದರೂ ಕಿಲ್ಲಿಗೆ ಹೆದ್ದಾರಿ. ಸ್ಪಂಜಿನ ತುಂಡು ತುರುಕಿ ಮುಚ್ಚಿ. ಆಹಾರ ಹಾಕುವ ಮೂಲೆಗೂ ಬಾಗಿಲಿರಲಿ. ನೀರಿನ ಮಟ್ಟವನ್ನು ಅಂಚಿನಿಂದ 5 ಸೆಂ.ಮೀ. ಕೆಳಗಿಡಿ. ದೀಪ ಥಟ್ಟನೆ ಆರಿದಾಗಲೇ ಹೆಚ್ಚು ಜಿಗಿಯುತ್ತವೆ, ಕೋಣೆಯ ದೀಪ ಉರಿಯುತ್ತಿರುವಾಗಲೇ ಟ್ಯಾಂಕ್‌ನದನ್ನು ಆರಿಸಿ.

ಪ್ರಶ್ನೆ: ಸರಸ್ವತಿಪುರಂನಿಂದ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಕೊಂಡ ಗೋಲ್ಡನ್ ವಂಡರ್ ಜೋಡಿ ಬಂದ ಮೇಲೆ ನಿಯಾನ್ ಟೆಟ್ರಾ ಒಂದೊಂದೇ ಕಾಣೆಯಾಗುತ್ತಿವೆ. ಕಿಲ್ಲಿ ಸಾಧು ಮೀನು ಎಂದಿದ್ದರು.

ಉತ್ತರ: ಗೋಲ್ಡನ್ ವಂಡರ್ ಎಂದರೆ ಮೇಲೆ ಹೇಳಿದ ಲೀನಿಯೇಟಸ್‌ನದೇ ಆರಿಸಿ ಬೆಳೆಸಿದ ಹಳದಿ ಬಗೆ. ಜಗಳಗಂಟಿಯಲ್ಲ, ಬೇಟೆಗಾರ. ಬಾಯಿಗೆ ಹಿಡಿಸುವಷ್ಟಿರುವುದೆಲ್ಲ ಅದಕ್ಕೆ ಆಹಾರ. ಹೊಟ್ಟೆ ತುಂಬಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ನಿಯಾನ್‌ಗಳನ್ನು ಬೇರೆಡೆ ಇಟ್ಟು, ಜೊತೆಗೆ ಕೋರಿಡೋರಸ್‌ನಂಥ ತಳದ ಮೀನು ಬಿಡಿ. ಗಾರ್ಡ್ನೆರಿಯ ಜೊತೆಗಾದರೆ ದೊಡ್ಡ ಚೆರ್ರಿ ಸೀಗಡಿ ಉಳಿಯುತ್ತದೆ, ಸೀಗಡಿಯ ಮರಿ ಉಳಿಯುವುದಿಲ್ಲ.

ಪ್ರಶ್ನೆ: ಗಾರ್ಡ್ನೆರಿ ಗಂಡು ಹೆಣ್ಣಿನ ರೆಕ್ಕೆಯನ್ನೆಲ್ಲ ಹರಿದುಹಾಕಿದೆ. ಒಂದೇ ಜೋಡಿ ಇರುವುದು. ಮೊಟ್ಟೆ ಬೇಕೆಂದು ಉಲ್ಲನ್ ಗೊಂಚಲು ಕಟ್ಟಿದ್ದೆ, ನೀರೆಲ್ಲ ಹಸಿರಾಯಿತು. (ಮದ್ದೂರು)

ಉತ್ತರ: ಜೋಡಿಯಾಗಿ ಇಟ್ಟದ್ದೇ ಮೊದಲ ತಪ್ಪು. ಗಂಡು ಎಡೆಬಿಡದೆ ಮೊಟ್ಟೆಗಾಗಿ ಅಟ್ಟಿಸುತ್ತದೆ, ಒಂದೇ ಹೆಣ್ಣಿದ್ದರೆ ಏಟೆಲ್ಲ ಅದಕ್ಕೇ. ಹೆಣ್ಣನ್ನು ಎರಡು ವಾರ ಬೇರೆ ಇಟ್ಟು ಆರ್ಟೀಮಿಯಾ, ಫ್ರೋಜನ್ ಬ್ಲಡ್‌ವರ್ಮ್, ಡ್ರಮ್ಮಿನ ಶುದ್ಧ ನೀರಿನ ಸೊಳ್ಳೆಮರಿ ಕೊಟ್ಟು ಚೇತರಿಸಿ. ಮೋರಿಯಿಂದ ತೆಗೆದ ಟ್ಯೂಬಿಫೆಕ್ಸ್ ಹುಳು ರೋಗದ ಮೂಟೆ, ಬೇಡ. ಮತ್ತೆ ಬಿಡುವಾಗ ಇನ್ನೂ ಎರಡು ಹೆಣ್ಣು ಸೇರಿಸಿ, ಗಂಡನ್ನು ಎಲ್ಲಕ್ಕಿಂತ ಕೊನೆಗೆ ಬಿಡಿ.

ಗೊಂಚಲಿಗೆ ಅಕ್ರಿಲಿಕ್ ಉಲ್ಲನ್ ಬೇಕು, ಕುರಿಯ ಉಣ್ಣೆ ಕೊಳೆಯುತ್ತದೆ. ಕಡು ಹಸಿರು ದಾರವನ್ನು 20 ಸೆಂ.ಮೀ. ಉದ್ದದ ಪುಸ್ತಕಕ್ಕೆ 50 ಸುತ್ತು ಸುತ್ತಿ, ಒಂದು ತುದಿ ಕಟ್ಟಿ, ಇನ್ನೊಂದನ್ನು ಕತ್ತರಿಸಿ. ಹತ್ತು ನಿಮಿಷ ಕುದಿಸಿ ನೀರು ಚೆಲ್ಲಿ, ಮತ್ತೆ ಕುದಿಸಿ. ಕುದಿದ ನೀರು ತಿಳಿಯಾಗಿ ಬರುವ ತನಕ ಇದೇ ಕೆಲಸ. ನೀವು ಬಿಟ್ಟದ್ದು ಈ ಹಂತವನ್ನೇ. ಆಮೇಲೆ ಬೂಚಿಗೆ ಕಟ್ಟಿ ತೇಲಿಬಿಡಿ.

ಎರಡು ಮೂರು ದಿನಕ್ಕೊಮ್ಮೆ ಗೊಂಚಲನ್ನು ಎತ್ತಿ ಹಿಂಡಿ, ಬೆಳಕಿಗೆ ಹಿಡಿದು ಎಳೆಗಳನ್ನು ಬಿಡಿಸಿ. ಮೊಟ್ಟೆ ರಾಗಿಕಾಳಿನಷ್ಟು, ಗಾಜಿನಂತೆ ತಿಳಿ, ಸಣ್ಣ ನೂಲಿನಿಂದ ಎಳೆಗೆ ಅಂಟಿರುತ್ತದೆ. ಒಳ್ಳೆಯ ಮೊಟ್ಟೆ ಬೆರಳಲ್ಲಿ ಹಿಡಿದರೂ ಒಡೆಯದಷ್ಟು ಗಟ್ಟಿ. ಮೆತ್ತಗಾದದ್ದು ಫಲ ಕಟ್ಟಿಲ್ಲ. ಮೊಸರಿನ ಡಬ್ಬಿಯಲ್ಲಿ 3 ಸೆಂ.ಮೀ. ಟ್ಯಾಂಕ್ ನೀರು, ತೆಳು ನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಎಂಬ ಬೂಷ್ಟು ತಡೆಯುವ ಔಷಧಿ. ಬೆಳ್ಳಗಾದದ್ದನ್ನು ದಿನಾ ತೆಗೆಯಿರಿ, ಬಿಟ್ಟರೆ ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ಹನ್ನೆರಡನೆಯ ದಿನದ ಹೊತ್ತಿಗೆ ಹೊನ್ನಿನ ಬಳೆ ತೊಟ್ಟ ಎರಡು ಕಣ್ಣು ಕಾಣುತ್ತವೆ. 14ರಿಂದ 21 ದಿನಕ್ಕೆ ಮರಿ. ಅವುಗಳ ಆಹಾರಕ್ಕೆ ಆರ್ಟೀಮಿಯಾ ಮೊಟ್ಟೆಯನ್ನು ಒಂದು ದಿನ ಮೊದಲೇ ಹಾಕಿಡಿ: 1 ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಬಿಡದೆ ಗಾಳಿ, 24ರಿಂದ 36 ಗಂಟೆ.

ಪ್ರಶ್ನೆ: ಮೀನಿನ ಮೈಮೇಲೆ ಹಳದಿ ಧೂಳು. ಉಪ್ಪು ಹಾಕಲೇ? (ಪಾಂಡವಪುರ)

ಉತ್ತರ: ಅದು ವೆಲ್ವೆಟ್, ಕಿಲ್ಲಿಗಳಿಗೆ ಬೇಗ ತಗಲುವ ರೋಗ. ಕೋಣೆಯನ್ನು ಕತ್ತಲು ಮಾಡಿ ಬದಿಯಿಂದ ಟಾರ್ಚ್ ಬಿಟ್ಟರೆ ಧೂಳು ಸ್ಪಷ್ಟ ಕಾಣುತ್ತದೆ. ಗಿಡದ ಟ್ಯಾಂಕ್‌ಗೆ ಉಪ್ಪು ಹಾಕಬೇಡಿ, ಗಿಡ ಕರಗುತ್ತದೆ. ಮೀನುಗಳನ್ನು ಬಕೆಟ್‌ಗೆ ತೆಗೆದು ಲೀಟರಿಗೆ 1ರಿಂದ 2 ಗ್ರಾಂ ಉಪ್ಪು ಹಾಕಿ, ಬಟ್ಟೆ ಹೊದಿಸಿ ಹತ್ತು ದಿನ ಕತ್ತಲಲ್ಲಿಡಿ. ಈ ಪರಾವಲಂಬಿಗೆ ಬೆಳಕೂ ಆಹಾರ. ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಸೇರಿಸಿ.

ಪ್ರಶ್ನೆ: ಕೊರಿಯರ್‌ನಲ್ಲಿ ತರಿಸಿದ ಕಿಲ್ಲಿ ಮೊಟ್ಟೆ ತೇವದ ಕೋಕೋಪೀಟ್‌ನಲ್ಲಿ ಬಂತು. ಅಂದೇ ನೀರಿಗೆ ಹಾಕಿದೆ. ವಾರವಾದರೂ ಒಂದೂ ಮರಿಯಿಲ್ಲ. (ಶ್ರೀರಂಗಪಟ್ಟಣ)

ಉತ್ತರ: ಚೀಟಿಯಲ್ಲಿ ಜಾತಿಯ ಹೆಸರು, ಮೊಟ್ಟೆ ಹೆಕ್ಕಿದ ದಿನಾಂಕ ಇತ್ತೇ? ಗಾರ್ಡ್ನೆರಿ, ಆಸ್ಟ್ರಾಲೆಯಾಗಿದ್ದರೆ ಪೀಟ್ ಬರೀ ಪ್ರಯಾಣದ ಹಾಸಿಗೆ. ಹೆಕ್ಕಿದ ದಿನದಿಂದ ಎರಡು ಮೂರು ವಾರ ಎಣಿಸಿ, ಅಲ್ಲಿಯವರೆಗೆ ನೀರಿನಲ್ಲೇ ಬೆಳೆಯುತ್ತವೆ. ನೋಥೊಬ್ರಾಂಕಿಯಸ್ ಆಗಿದ್ದರೆ ತಿಂಗಳುಗಟ್ಟಲೆ ತೇವದ ಪೀಟ್‌ನಲ್ಲೇ ಇರಬೇಕಿತ್ತು. ಪೀಟನ್ನು ಬಟ್ಟೆಯಲ್ಲಿ ಸೋಸಿ ಹಿಂಡಿ, ಚೀಲಕ್ಕೆ ತುಂಬಿ ದಿನಾಂಕ ಬರೆದಿಡಿ. ಕಣ್ಣು ಮೂಡಿಯೂ ಹೊರಬರದೆ ಕೂತ ಮೊಟ್ಟೆಗಳಿದ್ದರೆ ಒಂದು ಉಪಾಯವಿದೆ. ಸಣ್ಣ ಔಷಧಿ ಬಾಟಲಿಗೆ ಸ್ವಲ್ಪ ನೀರಿನೊಂದಿಗೆ ಹಾಕಿ, ಬಿರಡೆ ಬಿಗಿದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದು ಗಂಟೆ ಓಡಾಡಿ. ಆ ಅಲುಗಾಟಕ್ಕೇ ಎಷ್ಟೋ ಮೊಟ್ಟೆಗಳು ಬಿರಿಯುತ್ತವೆ. ಬಿರಿದ ಕೂಡಲೇ ಮರಿಗಳನ್ನು ಅಗಲದ ಡಬ್ಬಿಗೆ ಬಿಡಿ, ಬಾಟಲಿಯ ಗಾಳಿ ಹೆಚ್ಚು ಹೊತ್ತು ಸಾಲದು.