ನಾಲ್ಕನೆಯ ಉಪಪ್ರಮೇಯದ ಗೀಟು

ನನ್ನ ಬಳಿ ಸಲಹೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರು 33 ವರ್ಷದವರು, ಗಣನ ಸಂಕೀರ್ಣತೆಯ (ಸಮಸ್ಯೆಯೊಂದನ್ನು ಬಿಡಿಸಲು ಕಂಪ್ಯೂಟರಿಗೆ ಎಷ್ಟು ಶ್ರಮ ಬೇಕೆಂಬುದನ್ನು ಅಳೆಯುವ ಶಾಸ್ತ್ರದ) ಸಂಶೋಧಕರು, ಪಿಎಚ್‌.ಡಿ. ಮುಗಿಸಿ ಎರಡನೆಯ ತಾತ್ಕಾಲಿಕ ಹುದ್ದೆಯಲ್ಲಿದ್ದುಕೊಂಡು ಕಾಯಂ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದರು. ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿಕೊಂಡು ಬಂದವರು, ಮೂರನೆಯ ಭೇಟಿಯಲ್ಲಿ ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಮುಖ್ಯ ಪ್ರಮೇಯಕ್ಕೆ ಮೆಟ್ಟಿಲಾಗಿದ್ದ ನಾಲ್ಕನೆಯ ಉಪಪ್ರಮೇಯದ ಒಂದು ಅಸಮತೆಯ ಪಕ್ಕದಲ್ಲಿ ಪೆನ್ಸಿಲ್ಲಿನ ಗೀಟೊಂದಿತ್ತು. ಅದನ್ನು ಅಳಿಸಿ, ಮತ್ತೆ ಎಳೆದು, ಕಾಗದ ಸವೆದಿತ್ತು. ಸಮ್ಮೇಳನವೊಂದು ಸ್ವೀಕರಿಸಿದ್ದ ಪ್ರಬಂಧದಲ್ಲಿ ತಪ್ಪಿದೆಯೆಂಬುದು ಅವರಿಗೆ ಆರು ವಾರಗಳಿಂದ ಗೊತ್ತಿತ್ತು. ಜೊತೆಗೆ ಬರೆದಿದ್ದ ಹಿರಿಯ ಸಹಲೇಖಕರಿಗೆ ತಿಳಿಸಿರಲಿಲ್ಲ.

"ಹೇಳಿದರೆ ನನ್ನ ಕಥೆ ಮುಗಿಯಿತು, ಮೇಡಂ."

ಈ ಭಯವನ್ನು ನಾನು ತಳ್ಳಿಹಾಕಲಿಲ್ಲ. ಅವರ ಕ್ಷೇತ್ರದಲ್ಲಿ ಲೇಖಕರ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕುವುದು ರೂಢಿ. ಯಾರ ಪಾಲು ಎಷ್ಟೆಂಬುದು ಪ್ರಬಂಧದಿಂದ ತಿಳಿಯದ ಕಾರಣ ಆಯ್ಕೆ ಸಮಿತಿಗಳು ಶಿಫಾರಸು ಪತ್ರಗಳನ್ನೇ ಹೆಚ್ಚು ನೆಚ್ಚಿಕೊಳ್ಳುತ್ತವೆ, ಮತ್ತು ಇವರಿಗೆ ಪತ್ರ ಬರೆಯಬೇಕಾಗಿದ್ದವರು ಆ ಹಿರಿಯ ಸಹಲೇಖಕರೇ.

ಇಂಥದ್ದು ಬೇರೆ ಯಾರಿಗಾದರೂ ಆಗಿದೆಯೇ ಎಂದು ಕೇಳಿದಾಗ ಅವರೇ ತಮ್ಮ ಕ್ಷೇತ್ರದ ಹೆಸರಾಂತ ಹಿರಿಯ ಲಾಸ್ಲೊ ಬಾಬಾಯಿಯವರ ಹೆಸರೆತ್ತಿದರು. ಗ್ರಾಫ್ ಸಮರೂಪತೆಯ ಸಮಸ್ಯೆಗೆ (ಬಿಂದು-ಗೆರೆಗಳ ಎರಡು ಜಾಲಗಳ ರಚನೆ ಒಂದೇ ಆಗಿದೆಯೇ ಎಂಬ ಪ್ರಶ್ನೆಗೆ) 2015ರಲ್ಲಿ ಬಾಬಾಯಿ ಪ್ರಕಟಿಸಿದ ಅಲ್ಗಾರಿದಮ್‌ನ ವಿಶ್ಲೇಷಣೆಯಲ್ಲಿ ಗಣಿತಜ್ಞ ಹರಾಲ್ಡ್ ಹೆಲ್ಫ್‌ಗಾಟ್ ದೋಷ ಕಂಡುಹಿಡಿದಾಗ, 2017ರ ಜನವರಿಯಲ್ಲಿ ಬಾಬಾಯಿ ಅದರ ವೇಗದ ಕುರಿತ ಹೇಳಿಕೆಯನ್ನು ಬಹಿರಂಗವಾಗಿ ಹಿಂತೆಗೆದುಕೊಂಡು, ಕೆಲವೇ ದಿನಗಳಲ್ಲಿ ಸರಿಪಡಿಸಿದ್ದರು. "ಅವರು ಬಾಬಾಯಿ. ನಾನು ಯಾರು?" ಎಂದರು. ಹಿರಿಯರಿಗೆ ಸಿಗುವ ರಿಯಾಯಿತಿ ಕಿರಿಯರಿಗೆ ಸಿಗುವುದಿಲ್ಲವೆಂಬುದನ್ನು ಒಪ್ಪಿಕೊಂಡೆ. ಆದರೆ ಇಲ್ಲಿ ತಪ್ಪನ್ನು ಕಂಡುಹಿಡಿದವರು ಅವರೇ, ಇಂದು ಹೇಳಿದರೆ ಅದು ಪತ್ತೆ, ಇನ್ನೆರಡು ತಿಂಗಳು ಕಳೆದರೆ ಮುಚ್ಚಿಟ್ಟಂತೆ ಎಂದೆ.

ಎರಡು ದಿನದೊಳಗೆ ಸಹಲೇಖಕರಿಗೆ ಬರೆಯಿರಿ ಎಂಬುದು ನನ್ನ ಮೊದಲ ಸಲಹೆ: ಯಾವ ಸಾಲು, ಏಕೆ ತಪ್ಪು, ಪ್ರಮೇಯದಲ್ಲಿ ಇನ್ನೂ ಏನು ಉಳಿಯುತ್ತದೆ, ಇಷ್ಟೇ, ಉದ್ದನೆಯ ಕ್ಷಮೆಯಾಚನೆ ಬೇಡ. ಸಮ್ಮೇಳನಕ್ಕೂ ಅರ್ಜಿ ಹಾಕಿದ ಕಡೆಗೂ ತಿಳಿಸುವುದನ್ನು ಇಬ್ಬರೂ ಸೇರಿ ಮಾಡಬೇಕು. ಸರಿಪಡಿಸಿದ ಮೇಲೆಯೇ ಹೇಳುತ್ತೇನೆಂದು ಅವರು ಹಟ ಹಿಡಿದರು. ಆರು ವಾರ ಕಳೆದದ್ದೇ ಹಾಗೆ ಎಂದು ನೆನಪಿಸಬೇಕಾಯಿತು.

ಇನ್ನೊಂದು ಮಾತು ಅವರ ದುಡಿಮೆಯ ರೀತಿಯ ಬಗ್ಗೆ. ನಾಲ್ಕು ವರ್ಷಗಳಿಂದ ಅವರು ಸರ್ಕೀಟುಗಳ ಕೆಳಮಿತಿಯೊಂದನ್ನೇ, ಅಂದರೆ ಒಂದು ಸಮಸ್ಯೆಗೆ ಕನಿಷ್ಠ ಎಷ್ಟು ದೊಡ್ಡ ಸರ್ಕೀಟು ಬೇಕೇ ಬೇಕೆಂದು ಸಾಧಿಸುವುದನ್ನೇ, ಹಿಡಿದು ಕುಳಿತಿದ್ದರು. ಪಿ ಮತ್ತು ಎನ್‌ಪಿ ಪ್ರಶ್ನೆಯತ್ತ, ಅಂದರೆ ಉತ್ತರವನ್ನು ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂಬಹುದೇ ಎಂಬುದರತ್ತ, ಹೋಗುವ ಒಂದು ದಾರಿ ಅದು. ಆ ಪ್ರಶ್ನೆಗೆ ಬಳಕೆಯಲ್ಲಿದ್ದ ಸಾಧನಗಳು ಸಾಕಾಗುವುದಿಲ್ಲವೆಂದು 1975ರಲ್ಲಿ ಬೇಕರ್, ಗಿಲ್, ಸೊಲೊವೆ ಒಂದು ರೀತಿಯಲ್ಲಿ, 1994ರಲ್ಲಿ ರಾಜ್ಬೊರೊವ್ ಮತ್ತು ರುಡಿಚ್ ಇನ್ನೊಂದು ರೀತಿಯಲ್ಲಿ ತೋರಿಸಿದ್ದನ್ನು ನನಗೆ ವಿವರಿಸಿದವರೂ ಅವರೇ. (ಅದರಲ್ಲಿ ಅರ್ಧದಷ್ಟೇ ನನಗೆ ಅರ್ಥವಾಯಿತು.) ತನ್ನ ಸಾಧನಗಳ ಕೊರತೆಯನ್ನು ತಾನೇ ಸಾಧಿಸಿ ತೋರಿಸುವ ಶಾಸ್ತ್ರದಲ್ಲಿದ್ದೂ, ಬಿಡಿಸದ ಪ್ರಶ್ನೆಯನ್ನು ತಮ್ಮ ಯೋಗ್ಯತೆಯ ಅಳತೆಗೋಲು ಮಾಡಿಕೊಂಡಿದ್ದರು. ಕೆಳಮಿತಿಗೆ ವಾರದಲ್ಲಿ ಎರಡು ಬೆಳಗುಗಳನ್ನು ಮೀಸಲಿಟ್ಟು, ಉಳಿದ ಸಮಯದಲ್ಲಿ ವರ್ಷದೊಳಗೆ ಮುಗಿಯಬಹುದಾದ ಅಲ್ಗಾರಿದಮ್ ಸಮಸ್ಯೆಯೊಂದನ್ನು ಜೊತೆಗಾರರೊಬ್ಬರೊಡನೆ ಎತ್ತಿಕೊಳ್ಳಲು ಹೇಳಿದೆ. ನಿದ್ದೆಗೆ ವೈದ್ಯರನ್ನು ಕಾಣಲು ಕಳುಹಿಸಿದೆ.

ಮರುದಿನ ರಾತ್ರಿ ಅವರು ಪತ್ರ ಬರೆದರು. ಬೆಳಗ್ಗೆ ಬಂದ ಉತ್ತರ ಒಂದೇ ಸಾಲಿನದು: "ನಾನೂ ಮೂರು ಸಲ ಓದಿದ್ದೆ, ಕಾಣಲಿಲ್ಲ, ಸಂಜೆ ಕೂತು ನೋಡೋಣ." ಪ್ರಬಂಧವನ್ನು ಹಿಂತೆಗೆದುಕೊಂಡರು, ಪ್ರಮೇಯ ದುರ್ಬಲ ರೂಪದಲ್ಲಿ ಉಳಿಯಿತು. ಆ ವರ್ಷ ಕೆಲಸ ಸಿಗಲಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾರೆ, ಹೆಚ್ಚಾಗಿ ಆ ಹೊಸ ಅಲ್ಗಾರಿದಮ್ ಬಗ್ಗೆಯೇ ಮಾತಾಡುತ್ತಾರೆ.